ಒಂದೇ ಮನೆ, ಮೂರು ಗಡಿಯಾರ

ತನ್ನ ಕೋಳಿ ಕೂಗಿದರಷ್ಟೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಊರವರ ಮೇಲೆ ಮುನಿಸಿಕೊಂಡು ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದಳು. ಊರಿಗೆ ಎಂದಿನಂತೆ ಬೆಳಗಾಯಿತು. ಅಜ್ಜಿಯನ್ನು ನೆನೆದು ನಾವು ನಗುತ್ತೇವೆ. ಆದರೆ ಇನ್ನೂ ಕತ್ತಲಿರುವಾಗಲೇ ಬೆಳಗಿನ ಸುಳಿವು ಆ ಹುಂಜಕ್ಕೆ ಸಿಗುತ್ತಿದ್ದುದು ಹೇಗೆ? 2013ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹುಂಜಗಳನ್ನು ಹಗಲೂ ರಾತ್ರಿಯೂ ಒಂದೇ ಸಮನೆ ಮಬ್ಬು ಬೆಳಕಿದ್ದ ಕೋಣೆಯಲ್ಲಿಟ್ಟು ನೋಡಿದರು. ಸೂರ್ಯನನ್ನು ಕಾಣದಿದ್ದರೂ ಅವು ನಸುಕಿನ ಹೊತ್ತಿಗೇ ಕೂಗಿದವು. ಗಡಿಯಾರ ಅವುಗಳ ಒಳಗೇ ಇತ್ತು.

ನಮ್ಮೊಳಗೂ ಅಂಥದ್ದೊಂದಿದೆ. ಎರಡು ಕಣ್ಣುಗಳಿಂದ ಬರುವ ನರಗಳು ಮಿದುಳಿನ ಅಡಿಯಲ್ಲಿ ಒಂದನ್ನೊಂದು ದಾಟುವ ಜಾಗವಿದೆಯಲ್ಲ, ಅದರ ಸ್ವಲ್ಪ ಮೇಲೆ ಸುಮಾರು 20,000 ನರಕೋಶಗಳ ಪುಟ್ಟ ಜೋಡಿ ಗುಂಪು ಇದೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನನ್ನು ಹರಿಸಲು, ನಸುಕಿನಲ್ಲಿ ಮೈಯನ್ನು ಮೆಲ್ಲನೆ ಬೆಚ್ಚಗಾಗಿಸಲು ಅಪ್ಪಣೆ ಕೊಡುವುದು ಅದೇ. ಇಂಥ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬ್ಯಾಶ್ ಮತ್ತು ಮೈಕೇಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆದರೆ ಮನುಷ್ಯನ ಗಡಿಯಾರ ಕೊಂಚ ನಿಧಾನ. ಅದರ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಹತ್ತು-ಹನ್ನೆರಡು ನಿಮಿಷ ಹೆಚ್ಚು. ಹಾಗೇ ಬಿಟ್ಟರೆ ದಿನದಿಂದ ದಿನಕ್ಕೆ ಹಿಂದೆ ಬೀಳುತ್ತದೆ. ಅದನ್ನು ದಿನವೂ ಸರಿಪಡಿಸುವುದು ಮುಖ್ಯವಾಗಿ ಬೆಳಗಿನ ಬೆಳಕು. ಬೆಳಕಿನ ಜೊತೆಗೆ ಒಡನಾಟವೂ ಕೆಲವು ಜೀವಿಗಳಿಗೆ ಈ ಕೆಲಸ ಮಾಡುತ್ತದೆ. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಎಂ. ಕೆ. ಚಂದ್ರಶೇಖರನ್ ಅವರ ತಂಡ ಬೆಳಕು ತಲುಪದ ಗುಹೆಯೊಳಗೆ ಕೆಲವು ಬಾವಲಿಗಳನ್ನು ಪಂಜರದಲ್ಲಿಟ್ಟಿತು. ಗುಹೆಯ ಉಳಿದ ಬಾವಲಿಗಳು ಹೊರಗೆ ಹೋಗಿ ಬರುವ ಸುಳಿವಿನಿಂದಲೇ ಇವು ಹೊತ್ತು ತಿಳಿದವು. ಜೊತೆಯಿಲ್ಲದ ಕಡೆ ಇಟ್ಟಾಗ ಲಯ ತಪ್ಪಿತು. 1985ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ತಾಯಿ ಇಲಿ ಬಳಿಯಿರುವ ಮತ್ತು ಇಲ್ಲದಿರುವ ಹೊತ್ತುಗಳೇ ಮರಿಗಳ ಗಡಿಯಾರವನ್ನು ಹೊಂದಿಸಿದವು. ಚಂದ್ರಶೇಖರನ್ ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಈ ಶಾಸ್ತ್ರವನ್ನು ಬೆಳೆಸಿದರು.

ಈಗ ನಮ್ಮ ಮನೆಗಳ ಕಡೆ ನೋಡೋಣ. ನೀಲಗಿರಿಯ ಎಷ್ಟೋ ಮನೆಗಳಲ್ಲಿ ಒಂದೇ ಸೂರಿನಡಿ ಮೂರು ಗಡಿಯಾರಗಳಿವೆ.

ಮೊದಲನೆಯದು ಅಜ್ಜ-ಅಜ್ಜಿಯರದು. ವಯಸ್ಸಾದಂತೆ ಗಡಿಯಾರ ಮುಂದಕ್ಕೆ ಸರಿಯುತ್ತದೆ. ರಾತ್ರಿ ಎಂಟಕ್ಕೇ ತೂಕಡಿಕೆ, ನಾಲ್ಕಕ್ಕೇ ಎಚ್ಚರ. ಎರಡನೆಯದು ಹೈಸ್ಕೂಲಿಗೆ ಹೋಗುವ ಮಕ್ಕಳದು. ಹರೆಯದಲ್ಲಿ ಅದು ಒಂದೆರಡು ಗಂಟೆ ಹಿಂದಕ್ಕೆ ಜಾರುತ್ತದೆ. ಹತ್ತಕ್ಕೆ ಮಲಗು ಎಂದರೆ ನಿದ್ದೆ ಹತ್ತುವುದಿಲ್ಲ, ಆರಕ್ಕೆ ಏಳು ಎಂದರೆ ಕಣ್ಣು ಬಿಡುವುದಿಲ್ಲ. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಅದಕ್ಕೆಂದೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಹರೆಯದವರ ಶಾಲೆ ಎಂಟೂವರೆಗಿಂತ ಮೊದಲು ಆರಂಭವಾಗಬಾರದೆಂದು ಸಲಹೆ ನೀಡಿತು. ಮುಂಜಾನೆ ಹಾಸಿಗೆಯಲ್ಲಿ ಹೊರಳಾಡುವ ಮಗನನ್ನು 'ಸೋಮಾರಿ' ಎಂದು ಗದರುವ ಮುನ್ನ ನಾವು ಇದನ್ನು ನೆನೆಯಬೇಕು.

ಮೂರನೆಯದು ರಾತ್ರಿ ದುಡಿಯುವವರದು. ಹಗಲು ಕಿತ್ತ ಎಲೆ ರಾತ್ರಿಯಿಡೀ ಬಾಡಬೇಕು. ಆದ್ದರಿಂದ ಟೀ ಫ್ಯಾಕ್ಟರಿಗೆ ರಾತ್ರಿ ಪಾಳಿ ತಪ್ಪದು. ಮಸಿನಗುಡಿಯ ಕಡೆ ಆನೆ, ಹಂದಿ ಬಾರದಂತೆ ಹೊಲ ಕಾಯುವವರಿಗೂ ನಿದ್ದೆಯಿಲ್ಲ. ನರ್ಸುಗಳು, ಚಾಲಕರು, ಕಾವಲುಗಾರರು ಇದೇ ಸಾಲಿನವರು. ಬೆಳಗ್ಗೆ ಮೂರರಿಂದ ಐದರ ನಡುವೆ ಮೈ ಅತಿ ತಣ್ಣಗಿರುತ್ತದೆ, ಮನಸ್ಸು ಅತಿ ಮಂದವಾಗಿರುತ್ತದೆ. ಆ ಹೊತ್ತಿನಲ್ಲಿ ಘಾಟಿ ರಸ್ತೆಯ ತಿರುವಿನಲ್ಲಿ ಒಂದು ಕ್ಷಣ ಕಣ್ಣು ಮುಚ್ಚಿದರೂ ಸಾಕು, ಒಂದು ಕುಟುಂಬದ ಆಧಾರವೇ ಕುಸಿದೀತು. ಇಂಥವರು ಬೆಳಗ್ಗೆ ಮನೆಗೆ ಬಂದು ಮಲಗಿದಾಗ ಪಕ್ಕದಲ್ಲಿ ಟಿವಿ ಗದ್ದಲ, 'ಹಗಲು ಹೊತ್ತು ಮಲಗಿದ್ದಾರೆ' ಎಂಬ ಗೊಣಗಾಟ ಕೇಳುವುದು ನ್ಯಾಯವೇ?

ಬಂಡೀಪುರ ದಾಟಿ ಗೂಡಲೂರಿಗೆ ಬರುವ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕಾಡಿನ ಜೀವಿಗಳಿಗೂ ಒಂದು ರಾತ್ರಿ ಬೇಕೆಂದು ಗೇಟು ಹಾಕಿದ ನಾವು, ನಮ್ಮ ಮನೆಯ ರಾತ್ರಿಗೆ ಯಾವ ಗೇಟು ಹಾಕಿದ್ದೇವೆ? ಹನ್ನೊಂದರವರೆಗೆ ಧಾರಾವಾಹಿ, ಆಮೇಲೆ ದಿಂಬಿನ ಪಕ್ಕದ ಮೊಬೈಲು. ಅದರ ನೀಲಿ ಬೆಳಕು ಕಣ್ಣಿಗೆ ಬಿದ್ದಷ್ಟೂ ಒಳಗಿನ ಗಡಿಯಾರ 'ಇನ್ನೂ ಹಗಲೇ ಇದೆ' ಎಂದು ತಿಳಿಯುತ್ತದೆ.

ಇದಕ್ಕೆ ಖರ್ಚಿನ ಮದ್ದು ಬೇಕಿಲ್ಲ. ಎದ್ದ ಕೂಡಲೇ ಅರ್ಧ ಗಂಟೆ ಹೊರಗಿರೋಣ. ಊಟಿಯಲ್ಲಿ ಮಂಜು ಕವಿದಿದ್ದರೂ ಬಾಗಿಲಾಚೆಯ ಬೆಳಕು ಒಳಗಿನ ಬಲ್ಬಿಗಿಂತ ಎಷ್ಟೋ ಪಟ್ಟು ಹೆಚ್ಚು. ಬೆಳಗಿನ ಪೂಜೆಗೆ ನಡೆದು ಹೋಗುವವರಿಗೆ ಇದು ತಾನಾಗಿಯೇ ಸಿಗುತ್ತದೆ. ಊಟ, ಸಂಜೆಯ ಜಪಸರ, ಮಲಗುವುದು ದಿನವೂ ಒಂದೇ ಹೊತ್ತಿಗೆ ನಡೆಯಲಿ. ಭಾನುವಾರವೂ ಏಳುವ ಹೊತ್ತು ಹೆಚ್ಚು ಬದಲಾಗದಿರಲಿ. ನಮ್ಮ ಬೆಟ್ಟದ ಚಹಾ ಎಷ್ಟೇ ರುಚಿಯಾಗಿದ್ದರೂ ಅದರ ಕೆಫೀನ್ ಅರ್ಧಕ್ಕಿಳಿಯಲು ಐದಾರು ಗಂಟೆ ಬೇಕು. ಸಂಜೆ ನಾಲ್ಕರ ಲೋಟವೇ ಕೊನೆಯದಾಗಲಿ. ರಾತ್ರಿ ಪಾಳಿಯವರು ಕೆಲಸಕ್ಕೆ ಹೊರಡುವ ಮುನ್ನ ಒಂದು ನಿದ್ದೆ ಮಾಡಲಿ, ಚಹಾವನ್ನು ಪಾಳಿಯ ಮೊದಲರ್ಧದಲ್ಲೇ ಮುಗಿಸಲಿ. ಅವರು ಮಲಗುವ ಕೋಣೆಯ ಕಿಟಕಿಗೆ ದಪ್ಪ ಕಂಬಳಿ ಕಟ್ಟಿ, ಮಕ್ಕಳಿಗೆ ಮೆಲ್ಲನೆ ಮಾತಾಡಲು ಹೇಳೋಣ. ವಾರಗಟ್ಟಲೆ ನಿದ್ದೆ ಬಾರದಿದ್ದರೆ ಅಂಗಡಿಯಿಂದ ಮಾತ್ರೆ ತಂದು ನುಂಗದೆ ವೈದ್ಯರನ್ನು ಕಾಣೋಣ.

ಒಂದೇ ಮನೆಯಲ್ಲಿರುವ ಮೂರು ಗಡಿಯಾರಗಳನ್ನು ಒಂದೇ ಹೊತ್ತಿಗೆ ಬಾರಿಸಲು ನಮ್ಮಿಂದಾಗದು. ಒಬ್ಬರ ರಾತ್ರಿಯನ್ನು ಇನ್ನೊಬ್ಬರು ಕಾಯುವುದು ಆಗುತ್ತದೆ. ಈ ವಾರ ನಮ್ಮ ಮನೆಯಲ್ಲಿ ಯಾರ ನಿದ್ದೆ ಕಡಿಮೆಯಾಗಿದೆ ಎಂದು ಕೇಳಿ ತಿಳಿಯೋಣ.