ಆಮದಾಗುವ ಬರಹ, ಅಳಿಯಬಾರದ ಅಂಕಿತ



ಮೈಸೂರಿನಿಂದ ನಂಜನಗೂಡಿನ ಕಡೆಗೆ ಹೊರಟವರಿಗೆ ದಾರಿಯಲ್ಲಿ ಮಂಡಕಳ್ಳಿಯ ವಿಮಾನ ನಿಲ್ದಾಣ ಕಾಣಸಿಗುತ್ತದೆ. ಅಲ್ಲಿ ಇಳಿದ ಪ್ರಯಾಣಿಕನು ನೇರವಾಗಿ ಮನೆಗೆ ಹೋಗುವುದಿಲ್ಲ. ತನ್ನ ಪೆಟ್ಟಿಗೆ ಬರುವವರೆಗೆ ಕಾಯುತ್ತಾನೆ. ಬಂದ ಮೇಲೆ ಅದರ ಮೇಲಿರುವ ಚೀಟಿಯನ್ನು ನೋಡಿ, ಇದು ತನ್ನದೇ ಎಂದು ಖಚಿತಪಡಿಸಿಕೊಂಡು ಹೊರಡುತ್ತಾನೆ. ಬಟ್ಟೆಬರೆಗಳ ಪೆಟ್ಟಿಗೆಗೆ ಇಷ್ಟು ಎಚ್ಚರ ವಹಿಸುವ ಮನುಷ್ಯನು, ವರ್ಷಗಟ್ಟಲೆ ಬರೆದು ಕೂಡಿಟ್ಟ ವಚನ ವ್ಯಾಖ್ಯಾನಗಳನ್ನು ಒಂದು ಜಾಲತಾಣದಿಂದ ಮತ್ತೊಂದಕ್ಕೆ ಸಾಗಿಸುವಾಗ ಆ ಎಚ್ಚರವನ್ನು ಏಕೆ ಮರೆಯುತ್ತಾನೆ ಎಂಬುದು ಚಿಂತಿಸಬೇಕಾದ ಸಂಗತಿ.

ಜಾಲತಾಣವೊಂದರಲ್ಲಿರುವ ಬರಹಗಳನ್ನೆಲ್ಲ ಒಂದು ಕಡತವಾಗಿ ಹೊರತೆಗೆಯುವುದಕ್ಕೆ ರಫ್ತು ಎಂದೂ, ಆ ಕಡತವನ್ನು ಹೊಸ ತಾಣದೊಳಗೆ ಬರಮಾಡಿಕೊಳ್ಳುವುದಕ್ಕೆ ಆಮದು ಎಂದೂ ಹೆಸರು. ಎರಡೂ ವ್ಯಾಪಾರದ ಮಾತುಗಳು. ಶರಣರ ನಾಡಿಗೆ ಇವು ಹೊಸವೇನಲ್ಲ. ಸುಂಕದ ಕಟ್ಟೆಯಲ್ಲಿ ಕುಳಿತು ಸರಕನ್ನು ಪರೀಕ್ಷಿಸುವುದನ್ನೇ ಕಾಯಕವಾಗಿ ಮಾಡಿಕೊಂಡ ಸುಂಕದ ಬಂಕಣ್ಣನೂ ವಚನಕಾರನೇ. ಒಂದು ದಡದಿಂದ ಇನ್ನೊಂದು ದಡಕ್ಕೆ ಜನರನ್ನು ದಾಟಿಸಿದ ಅಂಬಿಗರ ಚೌಡಯ್ಯನೂ ವಚನಕಾರನೇ. ದಾಟಿಸುವುದೂ ಕಾಯಕ, ದಾಟಿ ಬಂದದ್ದನ್ನು ಪರೀಕ್ಷಿಸುವುದೂ ಕಾಯಕ. ಇವೆರಡನ್ನೂ ಯಂತ್ರದ ಒಂದು ಗುಂಡಿಗೆ ಬಿಟ್ಟುಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ ಎಂಬುದೇ ಈ ಲೇಖನದ ಅಭಿಪ್ರಾಯ.

ವಚನ ಸಾಹಿತ್ಯದ ಚರಿತ್ರೆಯೇ ಒಂದರ್ಥದಲ್ಲಿ ಇಂಥ ದಾಟುವಿಕೆಗಳ ಚರಿತ್ರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನುಡಿದ ಮಾತುಗಳು ಓಲೆಗರಿಗೆ ಬಂದವು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಿಂದ ಮೊದಲ್ಗೊಂಡು, ವಿರಕ್ತರು ಅವನ್ನು ಹುಡುಕಿ, ಕೂಡಿಸಿ, ಕಟ್ಟುಗಳಾಗಿ ಜೋಡಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನು ಬಿಡಿ ವಚನಗಳನ್ನು ಸಂವಾದದ ಚೌಕಟ್ಟಿನೊಳಗೆ ತಂದು ಶೂನ್ಯಸಂಪಾದನೆಯನ್ನು ರಚಿಸಿದನು. ಅವನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಅದೇ ಸಾಮಗ್ರಿಯನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಇವರೆಲ್ಲರೂ ವಚನಗಳ ಕ್ರಮವನ್ನು ಬದಲಿಸಿದರು, ಸಂದರ್ಭವನ್ನು ಕಲ್ಪಿಸಿದರು, ನಡುವೆ ತಮ್ಮ ಗದ್ಯವನ್ನು ಸೇರಿಸಿದರು. ಆದರೆ ಆ ಚೌಕಟ್ಟಿನಲ್ಲಿಯೂ ಅಲ್ಲಮನ ಮಾತು ಗುಹೇಶ್ವರನ ಅಂಕಿತದಲ್ಲಿಯೇ, ಅಕ್ಕನ ಮಾತು ಚೆನ್ನಮಲ್ಲಿಕಾರ್ಜುನನ ಅಂಕಿತದಲ್ಲಿಯೇ ನಿಂತಿತು. ಮನೆ ಬದಲಾಯಿತು, ಮನೆಯ ಹೆಸರು ಬದಲಾಗಲಿಲ್ಲ.

ಮುಂದಿನ ದಾಟುವಿಕೆ ಅಚ್ಚಿನದು. ವಿಜಯಪುರದಲ್ಲಿ ವಕೀಲರಾಗಿದ್ದ ಡಾ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಯ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಮೈಸೂರಿನ ಉದಾಹರಣೆಯೂ ಕಣ್ಣೆದುರಿಗಿದೆ. 1891ರಲ್ಲಿ ಸ್ಥಾಪನೆಗೊಂಡ ಇಲ್ಲಿನ ಪ್ರಾಚ್ಯ ಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಮುದ್ರಿಸಿದ್ದರಿಂದ ಆ ಗ್ರಂಥ ಜಗತ್ತಿಗೆ ತೆರೆದುಕೊಂಡಿತು. ವಚನಗಳ ವಿಷಯದಲ್ಲಿ ಈ ಕಾರ್ಯ 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬಂದ ಸಮಗ್ರ ವಚನ ಸಂಪುಟದ 15 ಸಂಪುಟಗಳಲ್ಲಿ ಒಂದು ಪೂರ್ಣತೆಯನ್ನು ಕಂಡಿತು. 2010ರ ದಶಕದಲ್ಲಿ ರೂಪುಗೊಂಡ ‘ವಚನ ಸಂಚಯ’ದ ಮೂಲಕ 20,000ಕ್ಕೂ ಹೆಚ್ಚು ವಚನಗಳು ಯೂನಿಕೋಡ್ ಅಕ್ಷರಗಳಲ್ಲಿ ಅಂತರಜಾಲಕ್ಕೆ ಬಂದವು; ಒಂದು ಪದವನ್ನು ಕೊಟ್ಟು ಅದು ಬರುವ ವಚನಗಳನ್ನು ಹುಡುಕುವ ಸೌಕರ್ಯ ಜಿಜ್ಞಾಸುಗಳಿಗೆ ಒದಗಿತು.

ಈಗಿನ ದಾಟುವಿಕೆ ಜಾಲತಾಣಗಳ ನಡುವಿನದು. ಅದನ್ನು ಮಾಡಬೇಕಾಗಿ ಬರುವುದು ಚಪಲದಿಂದಲ್ಲ, ಅನಿವಾರ್ಯದಿಂದ. ಯಾಹೂ ಸಂಸ್ಥೆಯು ಜಿಯೋಸಿಟೀಸ್ ತಾಣವನ್ನು 2009ರಲ್ಲಿ ಮುಚ್ಚಿತು. ಜಪಾನಿನಲ್ಲಿ ಮಾತ್ರ ಅದು ಇನ್ನಷ್ಟು ಕಾಲ ಉಳಿದಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಲೈವ್ ಸ್ಪೇಸಸ್ ತಾಣದ ಬರಹಗಾರರಿಗೆ ವರ್ಡ್‌ಪ್ರೆಸ್‌ಗೆ ತೆರಳುವಂತೆ 2010ರಲ್ಲಿ ತಿಳಿಸಿ, 2011ರಲ್ಲಿ ಬಾಗಿಲು ಹಾಕಿತು. ಪೋಸ್ಟರಸ್ ಎಂಬ ತಾಣ 2013ರಲ್ಲಿ ನಿಂತಿತು. ಉಚಿತವಾಗಿ ದೊರೆತ ಜಗಲಿಯಲ್ಲಿ ಕುಳಿತವರು, ಮನೆಯೊಡೆಯ ಎದ್ದು ಹೋಗೆಂದ ದಿನ ಗಂಟುಮೂಟೆ ಕಟ್ಟಲೇಬೇಕು. ಕಟ್ಟಿಟ್ಟುಕೊಳ್ಳದವರ ಬರಹ ಅಲ್ಲಿಗೇ ಮುಗಿಯಿತು.

ಈ ಗಂಟಿನಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದನ್ನು ತಿಳಿಯಬೇಕು. ವರ್ಡ್‌ಪ್ರೆಸ್‌ನ ರಫ್ತು ಕಡತದಲ್ಲಿ ಲೇಖನಗಳು, ಅವುಗಳ ದಿನಾಂಕ, ವರ್ಗೀಕರಣ, ಓದುಗರ ಪ್ರತಿಕ್ರಿಯೆ, ಲೇಖಕರ ಹೆಸರು ಇವೆಲ್ಲ ಇರುತ್ತವೆ. ಆದರೆ ಚಿತ್ರಗಳು ಇರುವುದಿಲ್ಲ. ಚಿತ್ರವಿರುವ ವಿಳಾಸ ಮಾತ್ರ ಇರುತ್ತದೆ. ಆಮದು ಮಾಡುವಾಗ ಹೊಸ ತಾಣವು ಆ ವಿಳಾಸವನ್ನು ಹಿಡಿದು ಹಳೆಯ ತಾಣಕ್ಕೆ ಹೋಗಿ ಚಿತ್ರವನ್ನು ತರಬೇಕು. ಕಡತ ಕೈಗೆ ಬಂದಿತೆಂದು ಹಳೆಯ ತಾಣವನ್ನು ಆತುರದಿಂದ ಮುಚ್ಚಿದರೆ, ಅಕ್ಷರ ಬಂದು ಚಿತ್ರ ಹೋಗುತ್ತದೆ. ಶಾಸನದ ಛಾಯಾಚಿತ್ರ, ಓಲೆಗರಿಯ ಪ್ರತಿ, ಲಿಂಗೈಕ್ಯ ಸ್ವಾಮಿಗಳ ಭಾವಚಿತ್ರ ಇವುಗಳ ಜಾಗದಲ್ಲಿ ಬರಿಯ ಚೌಕಗಳು ಉಳಿಯುತ್ತವೆ.

ಇನ್ನೂ ಸೂಕ್ಷ್ಮವಾದ ಘಟ್ಟವೊಂದಿದೆ. ಆಮದಿನ ಆರಂಭದಲ್ಲಿ ತಂತ್ರಾಂಶವು ಒಂದು ಪ್ರಶ್ನೆಯನ್ನು ಕೇಳುತ್ತದೆ: ಈ ಬರಹಗಳನ್ನು ಯಾರ ಹೆಸರಿಗೆ ಸೇರಿಸಬೇಕು? ಹಳೆಯ ಲೇಖಕರ ಹೆಸರನ್ನು ಹೊಸದಾಗಿ ನೋಂದಾಯಿಸಲೂಬಹುದು, ಈಗಾಗಲೇ ಅಲ್ಲಿರುವ ಯಾರದೋ ಹೆಸರಿಗೆ ಕೊಡಲೂಬಹುದು. ಏನನ್ನೂ ಯೋಚಿಸದೆ ಮುಂದುವರಿದರೆ, ಹತ್ತು ಜನ ಹಿರಿಯರು ಬರೆದ ವ್ಯಾಖ್ಯಾನಗಳೆಲ್ಲ ಗಣಕಯಂತ್ರದ ಮುಂದೆ ಕುಳಿತ ಒಬ್ಬ ತರುಣನ ಹೆಸರಿನಲ್ಲಿ ಪ್ರಕಟವಾಗಿಬಿಡಬಹುದು. ಆ ತರುಣನಿಗೆ ಅಂಥ ಆಸೆಯೇನೂ ಇಲ್ಲದಿರಬಹುದು. ಫಲ ಮಾತ್ರ ಅದೇ. ಅಂಕಿತದ ಬೆಲೆಯನ್ನು ಬಲ್ಲ ಪರಂಪರೆಗೆ ಈ ಪ್ರಶ್ನೆ ಸಣ್ಣದಲ್ಲ. ವಚನಗಳ ಅಂಕಿತವನ್ನು ಬದಲಿಸಿ ಪ್ರಕಟಿಸಿದ್ದ ‘ಬಸವ ವಚನ ದೀಪ್ತಿ’ಯನ್ನು ಕರ್ನಾಟಕ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಆ ಆದೇಶವನ್ನು ಎತ್ತಿಹಿಡಿಯಿತು. ಅರಿತು ಬದಲಿಸಿದ ಅಂಕಿತದ ಬಗೆಗೆ ನಾಡು ಇಷ್ಟು ಚರ್ಚಿಸಿತು. ಅರಿಯದೆ ಅಳಿಸಿಹೋಗುವ ಹೆಸರುಗಳಿಗೆ ಕೇಳುವವರೇ ಇಲ್ಲ.

ಅಕ್ಷರದ ಸಮಸ್ಯೆ ಕನ್ನಡಕ್ಕೆ ವಿಶೇಷವಾದುದು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಬರಹವು ಕಣ್ಣಿಗೆ ಕನ್ನಡವಾಗಿ ಕಂಡರೂ, ಒಳಗೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲೇ ಆಗಿರುತ್ತದೆ. ಅದನ್ನು ಹಾಗೆಯೇ ಹೊಸ ತಾಣಕ್ಕೆ ತಂದರೆ ತೆರೆಯ ಮೇಲೆ ಅರ್ಥವಿಲ್ಲದ ಗೊಜಲು ಮೂಡುತ್ತದೆ. ಪರಿವರ್ತಕಗಳೇನೋ ಇವೆ. ಆದರೆ ಅರ್ಕಾವೊತ್ತು ಹಳೆಯ ಕ್ರಮದಲ್ಲಿ ವ್ಯಂಜನದ ಅನಂತರ ಬಂದರೆ, ಯೂನಿಕೋಡ್ ಕ್ರಮದಲ್ಲಿ ರಕಾರವು ಮೊದಲು ಬರಬೇಕು. ಈ ಸ್ಥಾನಪಲ್ಲಟ ತಪ್ಪಿದ ಕಡೆ ‘ಧರ್ಮ’ವೂ ‘ಅರ್ಥ’ವೂ ಕೆಡುತ್ತವೆ. ಬೆರಳಚ್ಚಿನ ವೇಳೆ ಅನುಸ್ವಾರದ ಬದಲು ಸೊನ್ನೆಯನ್ನು ಒತ್ತುವ ಅಭ್ಯಾಸವೂ ಬಹಳ ಜನರಲ್ಲಿದೆ. ಎರಡೂ ದುಂಡಗಿರುವುದರಿಂದ ಕಣ್ಣಿಗೆ ಭೇದ ತೋರದು, ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ. ಸೊನ್ನೆಯಿಂದ ಬರೆದ ‘ಲಿಂಗ’ವನ್ನು ಹುಡುಕಿದರೆ ‘ಲಿಂಗ’ ಸಿಗುವುದೇ ಇಲ್ಲ. ಶೂನ್ಯತತ್ತ್ವವನ್ನು ಬೋಧಿಸುವ ಪುಟದಲ್ಲಿ ಇಂಥ ಸೊನ್ನೆಯು ಶೋಭಿಸುವುದಿಲ್ಲ.

ಎಲ್ಲಕ್ಕಿಂತ ಗಂಭೀರವಾದುದು ವಚನ ಮತ್ತು ವ್ಯಾಖ್ಯಾನಗಳ ನಡುವಿನ ಎಲ್ಲೆ. ಓಲೆಗರಿಯಲ್ಲಿ ವಚನಗಳು ಸಾಲು ಮುರಿಯದೆ ಹರಿಯುತ್ತಿದ್ದವು. ಅಚ್ಚಿನಲ್ಲಿ ಅವನ್ನು ಪಾದಗಳಂತೆ ಒಡೆದು, ವ್ಯಾಖ್ಯಾನದಿಂದ ಬೇರ್ಪಡಿಸಿ ತೋರಿಸುವ ರೂಢಿ ಬಂದಿತು. ಆಮದಿನ ವೇಳೆ ಸಾಲುಗಳ ಒಡೆತವೂ, ಉದ್ಧೃತ ಭಾಗದ ಗುರುತೂ ಕಳಚಿಹೋದರೆ ಎಲ್ಲವೂ ಒಂದೇ ಕಂಡಿಕೆಯಾಗಿ ಕೂಡಿಕೊಳ್ಳುತ್ತದೆ. ವಿದ್ವಾಂಸರು ಸಹಜವಾಗಿ ಗುರುತಿಸಿಯಾರು. ಆದರೆ ಮಂಡಕಳ್ಳಿಯ ಒಬ್ಬ ಹೈಸ್ಕೂಲು ವಿದ್ಯಾರ್ಥಿನಿ ಬಸವ ಜಯಂತಿಯ ಭಾಷಣಕ್ಕಾಗಿ ಆ ಪುಟವನ್ನು ತೆರೆದಳೆಂದು ಭಾವಿಸಬಹುದು. ವ್ಯಾಖ್ಯಾನಕಾರರ ಒಂದು ವಾಕ್ಯವನ್ನು ಆಕೆ ಬಸವಣ್ಣನವರ ಮಾತೆಂದು ನಂಬಿ ವೇದಿಕೆಯಲ್ಲಿ ಹೇಳುತ್ತಾಳೆ. ಕೇಳಿದವರು ಅದನ್ನು ಮೊಬೈಲ್‌ಗಳಲ್ಲಿ ಹಂಚುತ್ತಾರೆ. ಶತಮಾನಗಳ ಕಾಲ ಲಿಪಿಕಾರರು ಕಾಪಾಡಿಕೊಂಡು ಬಂದ ಎಲ್ಲೆ ಒಂದು ಮಧ್ಯಾಹ್ನದಲ್ಲಿ ಅಳಿಸಿದಂತಾಯಿತು. ತಪ್ಪು ಆ ಬಾಲಕಿಯದಲ್ಲ.

ಇಷ್ಟೆಲ್ಲ ಏಕೆ, ಹಳೆಯದನ್ನು ಬಿಟ್ಟು ಹೊಸದಾಗಿ ಬರೆದರಾಯಿತಲ್ಲ ಎಂದು ಕೆಲವರು ಹೇಳುವುದುಂಟು. ಅನುಭಾವವು ಅಕ್ಷರಕ್ಕೆ ಸಿಲುಕುವುದಲ್ಲ, ಆದ್ದರಿಂದ ಅಕ್ಷರಕ್ಕಾಗಿ ಇಷ್ಟು ಪರಿತಾಪ ಸಲ್ಲದು ಎಂಬ ಮಾತೂ ಉಂಟು. ಮಾತಿನಲ್ಲಿ ಸತ್ಯವಿದೆ. ಆದರೂ ಅಕ್ಷರ ಉಳಿಯದಿದ್ದರೆ ಆ ಅನುಭಾವದ ಸುಳಿವು ಇಂದಿನವರಿಗೆ ದೊರೆಯುತ್ತಿರಲಿಲ್ಲ. ಹಳಕಟ್ಟಿಯವರು ಕೂಡಿಸಿದ್ದು ಅಕ್ಷರಗಳನ್ನೇ. ಮತ್ತೆ ಕೆಲವರು, ಸಾಗಿಸುವಾಗಲೇ ಹಳೆಯ ಲೇಖನಗಳ ಭಾಷೆಯನ್ನೂ ಅಭಿಪ್ರಾಯವನ್ನೂ ತಿದ್ದಿಬಿಡೋಣ ಎನ್ನುತ್ತಾರೆ. ಇದು ಇನ್ನೂ ಅಪಾಯಕರ. ಒಂದು ಪದವನ್ನು ಎಲ್ಲ ಕಡೆಯೂ ಒಮ್ಮೆಗೇ ಬದಲಿಸುವ ಆಜ್ಞೆಯು ವ್ಯಾಖ್ಯಾನದಲ್ಲಿರುವ ಪದವನ್ನಷ್ಟೇ ಬದಲಿಸುವುದಿಲ್ಲ, ವಚನದೊಳಗಿನ ಪದವನ್ನೂ ಬದಲಿಸುತ್ತದೆ. ಮೊದಲು ಇದ್ದಂತೆಯೇ ಸಾಗಿಸಬೇಕು. ತಿದ್ದುವುದಿದ್ದರೆ ಆಮೇಲೆ, ತಿದ್ದಿದ್ದೇವೆಂದು ದಿನಾಂಕಸಹಿತ ತಿಳಿಸಿ ತಿದ್ದಬೇಕು.

ಹಾಗಾದರೆ ಮಾಡಬೇಕಾದುದೇನು? ರಫ್ತಿಗೆ ಮುನ್ನ ಎಷ್ಟು ಲೇಖನ, ಎಷ್ಟು ಚಿತ್ರ, ಎಷ್ಟು ಲೇಖಕರು ಎಂದು ಎಣಿಸಿ ಬರೆದಿಡಬೇಕು. ಆಮದಿನ ಅನಂತರ ಮತ್ತೆ ಎಣಿಸಬೇಕು. ಎರಡು ಲೆಕ್ಕಗಳು ಹೊಂದುವವರೆಗೆ ಹಳೆಯ ತಾಣವನ್ನು ಮುಚ್ಚಬಾರದು. ಹಳೆಯ ವಿಳಾಸಕ್ಕೆ ಬಂದ ಓದುಗ ಹೊಸ ವಿಳಾಸಕ್ಕೆ ತಾನಾಗಿಯೇ ತಲುಪುವ ವ್ಯವಸ್ಥೆಯಾಗಬೇಕು. ರಫ್ತು ಕಡತದ ಪ್ರತಿಗಳನ್ನು ಎರಡು ಬೇರೆ ಬೇರೆ ಕಡೆ ಕಾಪಿಡಬೇಕು. ಅದು ಮಠದ ಓಲೆಯ ಕಟ್ಟಿನಷ್ಟೇ ಜೋಪಾನಕ್ಕೆ ಅರ್ಹವಾದುದು. ಕೊನೆಯದಾಗಿ, ತಂತ್ರ ಬಲ್ಲ ತರುಣರ ಪಕ್ಕದಲ್ಲಿ ವಚನ ಬಲ್ಲ ಹಿರಿಯರೊಬ್ಬರು ಕುಳಿತು ಪುಟಗಳನ್ನು ಓದಬೇಕು. ಅರ್ಕಾವೊತ್ತು ಎಲ್ಲಿ ತಪ್ಪಿತೆಂಬುದು ಹಿರಿಯರಿಗೆ ಕಾಣುತ್ತದೆ. ಏಕೆ ತಪ್ಪಿತೆಂಬುದು ತರುಣರಿಗೆ ಗೊತ್ತಿರುತ್ತದೆ. ಇಬ್ಬರೂ ಕೂಡಿದರೆ ಕೆಲಸ ಸಾಂಗವಾಗುತ್ತದೆ.

ಹಳೆಯ ಓಲೆಪ್ರತಿಗಳ ಕೊನೆಯಲ್ಲಿ ಲಿಪಿಕಾರನು ತಾನು ಪ್ರತಿಮಾಡಿದ ಕಾಲವನ್ನು ನಮೂದಿಸಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಓದುಗರನ್ನು ವಿನಯದಿಂದ ಬೇಡಿಕೊಳ್ಳುವ ಪದ್ಧತಿಯಿತ್ತು. ಗ್ರಂಥ ತನ್ನದಲ್ಲ, ದಾಟಿಸುವ ಹೊಣೆ ಮಾತ್ರ ತನ್ನದು ಎಂಬ ಅರಿವು ಅವನಿಗಿತ್ತು. ಇಂದು ಆಮದಿನ ಗುಂಡಿಯನ್ನು ಒತ್ತುವ ಬೆರಳಿಗೂ ಆ ಅರಿವು ಬೇಕು. ಅಂಬಿಗನು ದಡ ಮುಟ್ಟಿದ ಮೇಲೆ ದೋಣಿಯಲ್ಲಿದ್ದವರೆಲ್ಲರೂ ಇಳಿದರೇ ಎಂದು ಒಮ್ಮೆ ತಿರುಗಿ ನೋಡುತ್ತಾನೆ. ಭಕ್ತರು ತಮ್ಮ ಮನೆಗಳಲ್ಲಿ, ಸಂಘಗಳಲ್ಲಿ, ಹಳೆಯ ಗಣಕಯಂತ್ರಗಳಲ್ಲಿ ಉಳಿದಿರುವ ಬರಹಗಳನ್ನು ದಾಟಿಸುವಾಗ ಹಾಗೆಯೇ ಒಮ್ಮೆ ತಿರುಗಿ ನೋಡಲಿ.