ಕಡಲಿಲ್ಲದ ಸೀಮೆಯ ರಾವುತರು

ಹುಣಸೂರಿಗೆ ಲಕ್ಷ್ಮಣತೀರ್ಥವುಂಟು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ಸೀಮೆಗೆ ಕಾವೇರಿಯುಂಟು, ಹೆಗ್ಗಡದೇವನಕೋಟೆಗೆ ಕಪಿಲೆಯುಂಟು. ಆದರೆ ಹಳೆಯ ಮೈಸೂರು ಸಂಸ್ಥಾನಕ್ಕೆ ಕಡಲೆಂಬುದೇ ಇರಲಿಲ್ಲ. ಇಂತಹ ಒಳನಾಡಿನ ಸೇನೆಯೊಂದು ಸಾವಿರಾರು ಮೈಲಿ ದೂರದ ರೇವುಪಟ್ಟಣವೊಂದರ ಚರಿತ್ರೆಯಲ್ಲಿ ತನ್ನ ಹೆಸರನ್ನು ಉಳಿಸಿದುದು ವಿಧಿಯ ವಿನೋದಗಳಲ್ಲೊಂದು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿಗಳನ್ನು ನೀಡಿದರು. ಹಣದೊಡನೆ ಜನವೂ ಹೊರಟಿತು. ಸಂಸ್ಥಾನವೇ ತನ್ನ ಖರ್ಚಿನಲ್ಲಿ ಸಾಕಿದ್ದ ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳ ಹಡಗನ್ನೇರಿ ಈಜಿಪ್ಟನ್ನು ಸೇರಿತು. ಅದರ ಮೊದಲ ಕಾರ್ಯ ಸೂಯೆಜ್ ಕಾಲುವೆಯ ಕಾವಲು. 1915ರ ಫೆಬ್ರವರಿಯಲ್ಲಿ ತುರ್ಕಿ ಸೇನೆ ಸಿನಾಯ್ ಮರಳುಗಾಡನ್ನು ದಾಟಿ ಕಾಲುವೆಯ ಮೇಲೆರಗಿ, ಸೋತು ಹಿಂದಿರುಗಿತು.

ದೊಡ್ಡ ಪರೀಕ್ಷೆ ಬಂದುದು 1918ರಲ್ಲಿ. ಪ್ಯಾಲೆಸ್ಟೈನಿನಲ್ಲಿ ಮುನ್ನುಗ್ಗುತ್ತಿದ್ದ ಸೇನಾಪತಿ ಅಲೆನ್‌ಬಿಗೆ ತನ್ನ ಪಡೆಗಳ ಅನ್ನ, ಮೇವು, ಮದ್ದುಗುಂಡುಗಳನ್ನು ಇಳಿಸಲು ಒಂದು ಬಂದರು ಬೇಕಾಗಿತ್ತು. ಹತ್ತಿರವಿದ್ದುದು ಹೈಫಾ. ಸೆಪ್ಟೆಂಬರ್ 22ರಂದು ಕವಚದ ಮೋಟಾರುಗಳು ಊರನ್ನು ಹೊಗಲೆತ್ನಿಸಿ ಗುಂಡಿನ ಮಳೆಗೆ ಹಿಮ್ಮೆಟ್ಟಿದವು. ಊರಿಗೆ ಹೋಗುವ ಹಾದಿಯ ಒಂದು ಮಗ್ಗುಲಿಗೆ ಕಾರ್ಮೆಲ್ ಪರ್ವತ, ಇನ್ನೊಂದು ಮಗ್ಗುಲಿಗೆ ಕಿಶೋನ್ ನದಿಯ ಕೆಸರು. ಪರ್ವತದ ಮೇಲಿನ ತೋಪುಗಳು ಹಾದಿಯನ್ನೆಲ್ಲ ತಮ್ಮ ಹಿಡಿತದಲ್ಲಿರಿಸಿಕೊಂಡಿದ್ದವು. ಬಂದರಿನ ಬೀಗದ ಕೈ ಕಡಲಿನಲ್ಲಿರಲಿಲ್ಲ, ಬೆಟ್ಟದ ಮೇಲಿತ್ತು.

ಮರುದಿನ, ಸೆಪ್ಟೆಂಬರ್ 23ರಂದು, ಆ ಬೀಗದ ಕೈಯನ್ನು ತರುವ ಕೆಲಸ ಮೈಸೂರಿನವರ ಪಾಲಿಗೆ ಬಂದಿತು. ಅವರ ಒಂದು ತುಕಡಿ ಕಡಿದಾದ ಕಲ್ಲುದಾರಿಯಲ್ಲಿ ಕುದುರೆಗಳೊಡನೆ ಪರ್ವತವನ್ನೇರಿತು. ಅವರ ನೆರವಿಗೆ ಇಂಗ್ಲಿಷ್ ರಾವುತರ ತುಕಡಿಯೊಂದೂ ಬಂದಿತು. ಮಧ್ಯಾಹ್ನ ಎರಡು ಗಂಟೆಗೆ ಮೇಲೆ ತೋಪುಗಳ ಮೇಲೆ ದಾಳಿ ನಡೆಯುತ್ತಿರಲು ಕೆಳಗೆ ಜೋಧಪುರದ ರಾವುತರು ಊರಿನತ್ತ ನುಗ್ಗಿದರು. ನದಿಯ ಹುಸಿಮರಳು ಕುದುರೆಗಳನ್ನು ನುಂಗತೊಡಗಲು ಅವರು ಬೆಟ್ಟದ ಬದಿಗೆ ತಿರುಗಿ, ಯಂತ್ರಬಂದೂಕುಗಳ ಎದುರಿನಲ್ಲೇ ಪಟ್ಟಣವನ್ನು ಹೊಕ್ಕರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಅಂದೇ ವೀರಮರಣವನ್ನಪ್ಪಿದರು.

ಸಂಜೆಯೊಳಗೆ ಹೈಫಾ ಕೈವಶವಾಯಿತು. ಸುಮಾರು 1350 ಮಂದಿ ಸೆರೆಯಾದರು. 17 ತೋಪುಗಳು ದೊರೆತವು. ಗೆದ್ದವರ ಕಡೆ ಸತ್ತವರು 8 ಮಂದಿ, ಗಾಯಗೊಂಡವರು 34 ಮಂದಿ. ಮಡಿದ ಕುದುರೆಗಳು 60. ವಿಜಯದ ಬೆಲೆಯಲ್ಲಿ ಬಹುಪಾಲನ್ನು ತೆತ್ತವು ಮಾತು ಬಾರದ ಆ ಪ್ರಾಣಿಗಳೇ.

ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರುಗಳ ರಾವುತರ ನೆನಪಿನವು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾದ ಹೆಸರೂ ಸೇರಿತು. ಮೈಸೂರು ಲ್ಯಾನ್ಸರ್ಸ್ ಇಂದು ಪ್ರತ್ಯೇಕವಾಗಿ ಉಳಿದಿಲ್ಲ. 1953ರಲ್ಲಿ ರೂಪುಗೊಂಡ 61ನೆಯ ಅಶ್ವದಳದಲ್ಲಿ ಲೀನವಾಗಿದೆ.

ಆ ಯುದ್ಧ ಯಾರದು, ಆ ಸಾಮ್ರಾಜ್ಯ ಯಾರದು ಎಂಬ ಪ್ರಶ್ನೆ ಉಳಿದೇ ಇದೆ. ಬೆಟ್ಟವನ್ನೇರಿದವರನ್ನು ಅದಕ್ಕಾಗಿ ಮರೆಯಬೇಕಾಗಿಲ್ಲ. ಉಂಡ ಅನ್ನಕ್ಕೆ ಎರಡು ಬಗೆಯದೆ ನಡೆದ ಮಂದಿ ಅವರು. ದೆಹಲಿಗೆ ಹೋಗುವ ಕನ್ನಡಿಗರು ಆ ವೃತ್ತದಲ್ಲಿ ಒಂದು ನಿಮಿಷ ನಿಲ್ಲಬಹುದು. ಅಲ್ಲಿರುವ ಮೂವರಲ್ಲಿ ಒಬ್ಬನು ನಮ್ಮ ಸೀಮೆಯವನು.