150 ಕಾಲೇಜು ಸರಿ, ಮಾರ್ಗದರ್ಶಕರು ಎಷ್ಟು?

ಬೀದರ್ ವಿಶ್ವವಿದ್ಯಾಲಯ ಉಳಿಯಲೇಬೇಕು. ಆದರೆ ಅದನ್ನು ಉಳಿಸಲು ಕೊಟ್ಟ ಕಾರಣ ತಪ್ಪು. ಆ ಕಾರಣವನ್ನೇ ಹಿಡಿದುಕೊಂಡು ಜಿಲ್ಲೆ ಗೆದ್ದಿತೆಂದು ಬೀಗುವುದು ಇನ್ನೂ ದೊಡ್ಡ ತಪ್ಪು.

2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿ.ವಿ.ಗಳಿಗೆ ಬೀಗ ಹಾಕುವ ಮಾತಾಡಿ, ಬೀದರ್ ಒಂದಕ್ಕೆ ವಿನಾಯಿತಿ ಕೊಟ್ಟಿತು. ಇದರ ವ್ಯಾಪ್ತಿಯಲ್ಲಿ ಸುಮಾರು 150 ಕಾಲೇಜುಗಳಿವೆ ಎಂಬುದೇ ಅದಕ್ಕೆ ಆಧಾರ. ಕಾಲೇಜು ಹೆಚ್ಚಿದ್ದರೆ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕ ಹೆಚ್ಚು ಬರುತ್ತದೆ, ಸಂಸ್ಥೆ ತನ್ನ ಖರ್ಚು ತಾನೇ ನೋಡಿಕೊಳ್ಳುತ್ತದೆ. ಖಜಾನೆಯ ದೃಷ್ಟಿಯಿಂದ ಲೆಕ್ಕ ಸರಿಯಾಗಿದೆ. ರಾಜ್ಯಶಾಸ್ತ್ರ ಓದಬೇಕೆಂದಿರುವ ಔರಾದ್‌ನ ಹುಡುಗಿಗೆ ಈ ಲೆಕ್ಕದಿಂದ ಏನು ಸಿಕ್ಕಿತು?

ಬಿ.ಎ. ಹಂತದಲ್ಲಿ ಅವಳಿಗೆ ಆಯ್ಕೆಯೇ ಇಲ್ಲ. ಔರಾದ್‌ನಲ್ಲಿ ಓದಲಿ, ಭಾಲ್ಕಿಯಲ್ಲಿ ಓದಲಿ, ಕಾಲೇಜು ಯಾವ ವಿ.ವಿ.ಗೆ ಸೇರಿದೆಯೋ ಅದರ ಮೊಹರು ಅಂಕಪಟ್ಟಿಯ ಮೇಲೆ ಬೀಳುತ್ತದೆ. 2024ರ ಮೇನಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿದ ಮೇಲಂತೂ ವಿಷಯದ ಆಳಕ್ಕೆ ಇಳಿಯಬೇಕಾದರೆ ಎಂ.ಎ. ಮಾಡಲೇಬೇಕು. ನಿಜವಾದ ಪ್ರಶ್ನೆ ಏಳುವುದು ಅಲ್ಲಿ: ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿರುವ ಬೀದರ್ ವಿ.ವಿ.ಯೋ, ಕಲಬುರಗಿಯ ಜ್ಞಾನಗಂಗೆ ಆವರಣದ ಗುಲಬರ್ಗಾ ವಿ.ವಿ.ಯೋ?

ಮನೆಯವರು ದೂರ ಕೇಳುತ್ತಾರೆ, ಹಾಸ್ಟೆಲ್ ಕೇಳುತ್ತಾರೆ. ಅದು ಸಹಜ. 2017ರಿಂದ ಬೀದರ್–ಕಲಬುರಗಿ ರೈಲು ಓಡುತ್ತಿದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ ಉಚಿತ. ಹೈದರಾಬಾದಿಗೋ ನಾಂದೇಡಿಗೋ ಹೊರಟರೆ ಮಾತ್ರ ಟಿಕೆಟ್ ತೆಗೆಯಲೇಬೇಕು. ಇವೆಲ್ಲ ಎಲ್ಲರಿಗೂ ಗೊತ್ತಿರುವ ಲೆಕ್ಕಗಳು. ಎಂ.ಎ. ಮುಗಿದ ಮೇಲೆ ಸಂಶೋಧನೆಗೆ ದಾರಿ ಇದೆಯೇ ಎಂಬ, ಯಾರೂ ಕೇಳದ ಲೆಕ್ಕ ಬೇರೆಯೇ ಇದೆ: ಎಂಟು, ಆರು, ನಾಲ್ಕು.

ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ ಎಂಟು ಸಂಶೋಧನಾರ್ಥಿಗಳಿಗೆ, ಸಹ ಪ್ರಾಧ್ಯಾಪಕರು ಆರು ಮಂದಿಗೆ, ಸಹಾಯಕ ಪ್ರಾಧ್ಯಾಪಕರು ನಾಲ್ವರಿಗೆ ಮಾರ್ಗದರ್ಶನ ಮಾಡಬಹುದು. ಅವರು ಕಾಯಂ ಬೋಧಕರಾಗಿರಬೇಕು. ಒಬ್ಬರು ಪ್ರಾಧ್ಯಾಪಕರು, ಇಬ್ಬರು ಸಹ ಪ್ರಾಧ್ಯಾಪಕರು, ನಾಲ್ವರು ಸಹಾಯಕ ಪ್ರಾಧ್ಯಾಪಕರು ಇರುವ ವಿಭಾಗ ಎಂದಿಟ್ಟುಕೊಳ್ಳಿ. ಎಂಟು, ಹನ್ನೆರಡು, ಹದಿನಾರು ಸೇರಿ 36 ಮಂದಿಗೆ ಸಂಶೋಧನೆಯ ಬಾಗಿಲು ತೆರೆಯುತ್ತದೆ. ಅದೇ ಏಳು ಕುರ್ಚಿಗಳಲ್ಲಿ ಅತಿಥಿ ಉಪನ್ಯಾಸಕರನ್ನು ಕೂರಿಸಿ. ಪಾಠ ನಡೆಯುತ್ತದೆ, ಪರೀಕ್ಷೆಯೂ ನಡೆಯುತ್ತದೆ, ಸಂಶೋಧನಾ ಸ್ಥಾನ ಮಾತ್ರ ಸೊನ್ನೆ. ಅತಿಥಿ ಉಪನ್ಯಾಸಕರ ಯೋಗ್ಯತೆಯ ಪ್ರಶ್ನೆ ಇದಲ್ಲ. ಅವರಲ್ಲಿ ಎಷ್ಟೋ ಮಂದಿ ನೆಟ್, ಕೆಸೆಟ್ ಪಾಸಾಗಿ ವರ್ಷಗಟ್ಟಲೆ ಕಾಯುತ್ತಿದ್ದಾರೆ. ಅವರ ಕೈ ಕಟ್ಟಿರುವುದು ನಿಯಮ.

ಸಂವಿಧಾನದ 371 (ಜೆ) ವಿಧಿ ಇದೆಯಲ್ಲ ಎನ್ನುವವರಿದ್ದಾರೆ. ಈ ಭಾಗದ ಸಂಸ್ಥೆಗಳ ಪ್ರವೇಶದಲ್ಲಿ ಸ್ಥಳೀಯರಿಗೆ ಶೇ 70ರಷ್ಟು ಸೀಟು ಸಿಗುವುದು ಕಷ್ಟಪಟ್ಟು ಗಳಿಸಿದ ಹಕ್ಕು. ಆದರೆ ಸೊನ್ನೆಯಲ್ಲಿ ಶೇ 70 ಎಂದರೆ ಎಷ್ಟು?

ಹಾಗಾದರೆ ಕಲಬುರಗಿಗೇ ಹೋಗಲಿ ಎನ್ನೋಣವೇ? ಇಂದು ಕೇಳಿದರೆ, ಸಂಶೋಧನೆಯ ಆಸೆಯಿರುವ ವಿದ್ಯಾರ್ಥಿಗೆ ನನ್ನ ಉತ್ತರ ಹೌದು. ಕಲಬುರಗಿಯಲ್ಲಿ 1970ರಲ್ಲಿ ಕರ್ನಾಟಕ ವಿ.ವಿ.ಯ ಸ್ನಾತಕೋತ್ತರ ಕೇಂದ್ರ ಶುರುವಾಯಿತು. 1980ರಲ್ಲಿ ಅದು ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ವಿಭಾಗ, ಗ್ರಂಥಾಲಯ, ಅಧ್ಯಾಪಕರ ತಲೆಮಾರು ಬೆಳೆದ ಮೇಲೆ ಫಲಕ ಬದಲಾಯಿತು. ಹಾಲಹಳ್ಳಿಯದೂ ಮೊದಲು ಗುಲಬರ್ಗಾ ವಿ.ವಿ.ಯ ಸ್ನಾತಕೋತ್ತರ ಕೇಂದ್ರವೇ. ಆದರೆ 2023ರಲ್ಲಿ ಅದು ವಿ.ವಿ. ಆದಾಗ ಜೊತೆಗೆ ಬಂದದ್ದು ₹2 ಕೋಟಿಯ ಭರವಸೆ. ಅಷ್ಟು ಹಣದಲ್ಲಿ ಯಾವ ವಿಭಾಗ ಕಟ್ಟಲಾದೀತು?

ಹಾಗಂತ ಕಲಬುರಗಿಯೂ ಹಿಂದಿನ ಕಲಬುರಗಿಯಾಗಿ ಉಳಿದಿಲ್ಲ. ಬಳ್ಳಾರಿ ಬೇರೆಯಾಯಿತು, ರಾಯಚೂರು, ಯಾದಗಿರಿ ಹೋದವು, ಕೊನೆಗೆ ಬೀದರ್ ಹೋಯಿತು. ಇಡೀ ಸೀಮೆಯ ವಿ.ವಿ. ಒಂದು ಜಿಲ್ಲೆಗೆ ಇಳಿಯಿತು. ಕಾಲೇಜುಗಳ ಜೊತೆಗೆ ಶುಲ್ಕವೂ ಹೋಯಿತು. ನಿವೃತ್ತರ ಪಿಂಚಣಿಯ ಹೊರೆ ಮಾತ್ರ ಹೋಗಲಿಲ್ಲ. ಒಂದು ಹಳೆಯ ಸಂಸ್ಥೆಯ ಆದಾಯ ಕಿತ್ತು ಹೊಸದಕ್ಕೆ ಕೊಟ್ಟು, ಎರಡರಲ್ಲೂ ನೇಮಕಾತಿ ನಿಲ್ಲಿಸಿದರೆ ವಿದ್ಯಾರ್ಥಿ ಆರಿಸಿಕೊಳ್ಳುವುದಾದರೂ ಯಾವುದನ್ನು? ಇದನ್ನು ಪ್ರಾದೇಶಿಕ ನ್ಯಾಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಫಲಕಕ್ಕೂ ಕಲಿಸುವವರಿಗೂ ಇರುವ ವ್ಯತ್ಯಾಸವನ್ನು ಭಾಲ್ಕಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಿಜಾಮರ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಊರು ಅದು. ಅಂದು ಫಲಕ ಯಾವುದಾದರೂ ಒಳಗೆ ಕಲಿಸುವವರಿದ್ದರು, ಆದ್ದರಿಂದಲೇ ಈ ಗಡಿಯಲ್ಲಿ ಕನ್ನಡ ಉಳಿಯಿತು.

ಬೀದರ್ ವಿ.ವಿ. ಬೇಡ, ಎಲ್ಲವನ್ನೂ ಮತ್ತೆ ಕಲಬುರಗಿಗೆ ಸೇರಿಸಿ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಅಂಕಪಟ್ಟಿಯ ತಿದ್ದುಪಡಿಗೂ ನೂರು ಕಿಲೋಮೀಟರ್ ಮೀರಿ ಅಲೆದ ದಿನಗಳನ್ನು ಗಡಿ ತಾಲ್ಲೂಕಿನವರು ಮರೆತಿಲ್ಲ. ಮರಾಠಿ, ಉರ್ದು, ತೆಲುಗು, ಕನ್ನಡ ಒಂದೇ ಸಂತೆಯಲ್ಲಿ ಕೇಳಿಬರುವ, ಹೈದರಾಬಾದ್ ಸಂಸ್ಥಾನದ ವಿಲೀನವನ್ನೂ ರಾಜ್ಯ ಪುನರ್ವಿಂಗಡಣೆಯನ್ನೂ ಮನೆಮನೆಯ ಅಜ್ಜ ಅಜ್ಜಿಯರು ಕಣ್ಣಾರೆ ಕಂಡ ಜಿಲ್ಲೆ ಇದು. ರಾಜ್ಯಶಾಸ್ತ್ರದ ವಿಭಾಗ ಕಟ್ಟಲು ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಹುಡುಕಿ ತೋರಿಸಿ.

ಆದ್ದರಿಂದ ಕೇಳುವುದು ಇಷ್ಟೇ. ಮುಂದಿನ ಎಂ.ಎ. ಪ್ರವೇಶ ಪ್ರಕಟಣೆಯಲ್ಲಿ ಎರಡೂ ವಿ.ವಿ.ಗಳು ಸೀಟು, ಶುಲ್ಕದ ಪಕ್ಕದಲ್ಲೇ ಇನ್ನೊಂದು ಕಾಲಂ ಸೇರಿಸಲಿ: ಪ್ರತಿ ವಿಭಾಗದಲ್ಲಿ ಮಂಜೂರಾದ ಹುದ್ದೆ ಎಷ್ಟು, ತುಂಬಿರುವುದು ಎಷ್ಟು, ಖಾಲಿ ಇರುವ ಸಂಶೋಧನಾ ಸ್ಥಾನ ಎಷ್ಟು. ಔರಾದ್ ಬಸ್ ನಿಲ್ದಾಣದಲ್ಲಿ ನಿಂತು ಯಾವ ಬಸ್ ಹತ್ತಬೇಕೆಂದು ಆ ಹುಡುಗಿಯೇ ತೀರ್ಮಾನಿಸುತ್ತಾಳೆ.